ಮುಟ್ಟು ನಿಲ್ಲುವ ಮುಂಚಿನ ವರ್ಷಗಳು: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ



ಕುಡಿಯುವ ನೀರು, ಚರಂಡಿ, ಬೀದಿದೀಪಗಳ ಚರ್ಚೆ ನಡೆಯುವ ಸಭೆಯಲ್ಲಿ ಮುಟ್ಟಿನ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಈ ಸಭೆಯಲ್ಲಿ ಕುಳಿತಿರುವ ಸದಸ್ಯೆಯರಲ್ಲಿಯೂ ಕೆಲವರು ಈ ಹಂತವನ್ನು ಮೌನವಾಗಿ ದಾಟುತ್ತಿರಬಹುದು. ಆದರೂ ಈ ವಿಷಯ ನಡವಳಿ ಪುಸ್ತಕದಲ್ಲಿ ದಾಖಲಾಗುವುದು ತೀರ ಅಪರೂಪ.

ಸತತವಾಗಿ 12 ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧವೆನ್ನುತ್ತಾರೆ. ಭಾರತೀಯ ಮಹಿಳೆಯರಲ್ಲಿ ಇದು ಸರಾಸರಿ 46-47ರ ವಯಸ್ಸಿನಲ್ಲಿ ಆಗುತ್ತದೆ. ಅದಕ್ಕೆ ಮುಂಚಿನ ಸುಮಾರು ನಾಲ್ಕು ವರ್ಷಗಳು, ಕೆಲವರಲ್ಲಿ ಎಂಟು ವರ್ಷಗಳವರೆಗೂ, ಋತುಬಂಧಪೂರ್ವ ಕಾಲ. ಈ ಅವಧಿಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದೇ ಸಮನೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಪಂಪ್‌ಸೆಟ್ಟಿಗೆ ಬರುವ ವೋಲ್ಟೇಜಿನಂತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ತೊಂದರೆಗಳಿಗೆ ಮುಖ್ಯ ಕಾರಣ ಈ ಏರಿಳಿತವೇ.

ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಹೋಗುವ ನಲವತ್ನಾಲ್ಕರ ಕೂಲಿ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಬಹುದು. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಇನ್ನೊಮ್ಮೆ ಎರಡು ತಿಂಗಳಿಗೆ. ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರಿ ಬೆವರು ಸುರಿಯುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಕೀಲುನೋವು, ಸಣ್ಣ ಮಾತಿಗೂ ಸಿಟ್ಟು. ಬೇಸಿಗೆಯ ತಾಪ ನಲವತ್ತು ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಅದನ್ನು "ಬಿಸಿಲಿನ ಝಳ" ಎಂದು ತಳ್ಳಿಹಾಕುವುದು ಸುಲಭ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಫ್ಯಾನಿನ ಕೆಳಗೆ ಕುಳಿತ ಗೃಹಿಣಿಗೂ ದೇಹದೊಳಗಿನ ಬದಲಾವಣೆ ಇದೇ. ವ್ಯತ್ಯಾಸವಿಷ್ಟೆ: ಕೂಲಿ ಮಹಿಳೆ ವೈದ್ಯರ ಬಳಿಗೆ ಹೋದರೆ ಅಂದಿನ ಕೂಲಿ ಹೋಗುತ್ತದೆ. ಆದ್ದರಿಂದ ಆಕೆ ತಡೆಯಲಾರದಷ್ಟು ರಕ್ತಸ್ರಾವವಾದ ಮೇಲೆಯೇ ಹೋಗುತ್ತಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥವರಿಗೆ ಅತಿಸ್ರಾವ ಸಣ್ಣ ಸಂಗತಿಯಲ್ಲ.

ಆ ಭಯದ ಗಳಿಗೆಯಲ್ಲಿ "ಗರ್ಭಚೀಲ ತೆಗೆಸಿಬಿಡಿ, ಪೀಡೆ ಹೋಗುತ್ತದೆ" ಎಂಬ ಸಲಹೆ ಬಹುಬೇಗ ಬರುತ್ತದೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಹಾಗೂ ದಲಿತ ಸಮುದಾಯಗಳ ಅನೇಕ ಮಹಿಳೆಯರಿಗೆ ಹೀಗೆ ಅನಗತ್ಯ ಶಸ್ತ್ರಚಿಕಿತ್ಸೆಯಾದ ದೂರುಗಳು ಬೆಳಕಿಗೆ ಬಂದವು. ಹೊಟ್ಟೆನೋವು, ಬಿಳಿಸೆರಗು, ಅನಿಯಮಿತ ಮುಟ್ಟೆಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಲಾಗಿತ್ತು ಎಂಬುದು ಅವರ ಅಳಲು. ಅವರಲ್ಲಿ ನಲವತ್ತು ದಾಟದವರೂ ಇದ್ದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು.

ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಎರಗುತ್ತದೆ, ಮೂಳೆ ಸವೆತ ಹಾಗೂ ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರುವ ಸಂಭವವಿದೆ. ಶಸ್ತ್ರಚಿಕಿತ್ಸೆ ಕೆಲವರಿಗೆ ನಿಜಕ್ಕೂ ಬೇಕಾಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದಕ್ಕೆ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಿದ್ದರೆ ಗರ್ಭಕೋಶದ ಒಳಪದರದ ಪರೀಕ್ಷೆ ಆಗಬೇಕು. ರಕ್ತಸ್ರಾವ ತಗ್ಗಿಸುವ ಮಾತ್ರೆ, ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನು ಸಾಧನ ಮುಂತಾದ ದಾರಿಗಳಿವೆ. ಬಿಸಿ ಏರುವ ತೊಂದರೆಗೂ ಔಷಧವಿದೆ. ಸ್ತನ ಕ್ಯಾನ್ಸರ್ ಬಂದಿದ್ದವರು, ರಕ್ತ ಹೆಪ್ಪುಗಟ್ಟುವ ಕಾಯಿಲೆಯವರು ಹಾರ್ಮೋನು ಚಿಕಿತ್ಸೆಗೆ ಮುನ್ನ ಅದನ್ನು ವೈದ್ಯರಿಗೆ ಕಡ್ಡಾಯವಾಗಿ ತಿಳಿಸಬೇಕು. ಹತ್ತಿಯ ಬಟ್ಟೆ, ತಂಪಾದ ಮಲಗುವ ಜಾಗ, ಸಂಜೆಯ ಚಹಾ ಮತ್ತು ಖಾರ ಕಡಿಮೆ ಮಾಡುವುದು ಕೆಲವರಿಗೆ ನೆರವಾಗುತ್ತದೆ. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರ ಮನೆಯಲ್ಲಿ ಖಾರ ತಗ್ಗಿಸಿ ಎನ್ನುವುದು ಹೇಳಿದಷ್ಟು ಸುಲಭವಲ್ಲ!

ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಒಂದು ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವವಾದರೆ, ಲೈಂಗಿಕ ಸಂಪರ್ಕದ ನಂತರ ರಕ್ತ ಬಂದರೆ, ದುರ್ವಾಸನೆಯ ಸ್ರಾವವಿದ್ದರೆ ಕಾಯುವಂತಿಲ್ಲ. ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅವರನ್ನು ಕರೆದೊಯ್ಯಬೇಕು. ಮುಟ್ಟು ಪೂರ್ತಿ ನಿಲ್ಲುವವರೆಗೆ ಗರ್ಭ ನಿಲ್ಲುವ ಸಾಧ್ಯತೆಯೂ ಇರುತ್ತದೆ ಎಂಬುದನ್ನು ಮರೆಯಬಾರದು.

ಪಂಚಾಯಿತಿ ಮಾಡಬಹುದಾದದ್ದು ದೊಡ್ಡ ಅನುದಾನದ ಕೆಲಸವಲ್ಲ. ಮಹಿಳಾ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ ಆಶಾ ಕಾರ್ಯಕರ್ತೆಯಿಂದ ಮಾತನಾಡಿಸಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿರುವ ಸದಸ್ಯರು ಮೂವತ್ತು ದಾಟಿದವರ ತಪಾಸಣಾ ಶಿಬಿರಕ್ಕೆ ನಲವತ್ತರ ಮಹಿಳೆಯರೂ ಬರುವಂತೆ ನೋಡಿಕೊಳ್ಳಬೇಕು. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ನೆರಳು ಮತ್ತು ಕುಡಿಯುವ ನೀರು ಕಾಗದದಲ್ಲಷ್ಟೇ ಇರದೆ ಕಣ್ಣಿಗೂ ಕಾಣಬೇಕು. ಯಾರಾದರೂ ಗರ್ಭಚೀಲ ತೆಗೆಸಲು ಸಾಲ ಎತ್ತುತ್ತಿರುವುದು ತಿಳಿದುಬಂದರೆ, ಹಣ ಕಟ್ಟುವ ಮುನ್ನ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಎರಡನೆಯ ಅಭಿಪ್ರಾಯ ಪಡೆಯುವಂತೆ ಆ ಮನೆಯವರಿಗೆ ಹೇಳಬೇಕು. ವಾರ್ಡಿನ ಸದಸ್ಯೆಯೇ ಜೊತೆಗೆ ಹೊರಟರೆ ಇನ್ನೂ ಒಳ್ಳೆಯದು.