ಪಡುವಣ ಬಯಲಿನ ರಾಗಿಯೂ ನಗರದ ಮನೆಗಳೂ
(ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಕೆಂಗೇರಿಯಿಂದ ತಾವರೆಕೆರೆಯ ಕಡೆಗೂ ಮಾಗಡಿಯ ಕಡೆಗೂ ಹಬ್ಬಿರುವ ಬಯಲು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಕೆಂಪು ನೆಲ. ಇಲ್ಲಿ ಪೂರ್ವಕಾಲದಿಂದಲೂ ರಾಗಿಯೇ ಮುಖ್ಯವಾದ ಪೈರು. ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳೆಂದು ಕರೆಯಲ್ಪಡುವ ಬಡಾವಣೆಗಳ ಸ್ಥಳದಲ್ಲಿಯೂ ಒಂದು ಕಾಲಕ್ಕೆ ಹೊಲಗಳೇ ಇದ್ದವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹೆಸರುಗಳು ಬೀದಿಗಳ ನಡುವೆ ಉಳಿದಿರುವುದೇ ಇದಕ್ಕೆ ಸಾಕ್ಷಿ. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೂ, 2023ರಲ್ಲಿ ಚಲ್ಲಘಟ್ಟದವರೆಗೂ ಬಂದ ಮೇಲೆ ನಗರವು ಹಳ್ಳಿಯ ಬಾಗಿಲಿಗೇ ಬಂದಂತಾಯಿತು. ನಿವೇಶನದ ಕಲ್ಲು ನೆಡುವವರು ಹೊಲವನ್ನು ಹುಡುಕಿಕೊಂಡು ಬರುತ್ತಾರೆ. ಆ ಹೊಲದ ರಾಗಿಯನ್ನು ಕೇಳಿಕೊಂಡು ಬರುವವರು ವಿರಳ. ಹೊಲದ ಹುಟ್ಟುವಳಿಗೆ ನಂಬಿಕೆಯ ಗಿರಾಕಿಯಿಲ್ಲದಿದ್ದರೆ ಹೊಲವನ್ನೇ ಮಾರುವ ಮನಸ್ಸಾಗುವುದು ಸಹಜ.

ಆದರೆ ಕೊಳ್ಳುವ ಮನೆಗಳಿಲ್ಲವೆಂದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಕ್ಕಿಯಲ್ಲಿ ಅದರ ಒಂದು ಸಣ್ಣ ಪಾಲೂ ಇಲ್ಲ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ತರುವಾಯ, ಮುದ್ದೆಯನ್ನು ಮರೆತಿದ್ದ ಮನೆಗಳೂ ರಾಗಿಯ ಹಿಟ್ಟನ್ನು ಕೇಳತೊಡಗಿವೆ. ಅವರು ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣದ ಹಿಟ್ಟು ಯಾವ ಊರಿನ ಹೊಲದ್ದೆಂಬುದು ಅಂಗಡಿಯವನಿಗೂ ತಿಳಿಯದು.

ಈ ಮನೆಗಳಿಗೂ ಹಳ್ಳಿಗಳಿಗೂ ನೇರವಾದ ಕಟ್ಟುಪಾಡನ್ನು ಏರ್ಪಡಿಸಲು ಸಾಧ್ಯವುಂಟು. ಜಪಾನ್ ದೇಶದಲ್ಲಿ 1970ರ ದಶಕದಲ್ಲಿ, ಔಷಧಿ ಬೆರೆತ ಆಹಾರಕ್ಕೆ ಹೆದರಿದ ಗೃಹಿಣಿಯರು ರೈತರೊಡನೆ ಹೀಗೆಯೇ ಒಡಂಬಡಿಕೆ ಮಾಡಿಕೊಂಡರು. ಅದಕ್ಕೆ ಅಲ್ಲಿ ತೇಕೇ ಎಂದು ಹೆಸರು. ನಮ್ಮ ನಾಡಿನಲ್ಲಿಯೂ ಮೇಲ್ಪಂಕ್ತಿ ಇಲ್ಲದಿಲ್ಲ. ಡಾ. ಎಂ. ಎಚ್. ಮರೀಗೌಡರ ಪ್ರಯತ್ನದಿಂದ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಬೆಳೆದು ಹಾಪ್‌ಕಾಮ್ಸ್ ಎನಿಸಿತು. ಅದಕ್ಕೂ ಮುಂಚೆ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದವರು ಆ ಊರಿನ ಪಾಟೀಲರಾದ ಸಿದ್ದನಗೌಡರು. ಊರಿನ ಯಜಮಾನನೇ ಮುಂದೆ ನಿಂತ ಕಾರ್ಯವೆಂಬುದನ್ನು ಮುಖಂಡರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಲೆಕ್ಕವನ್ನು ಸ್ವಲ್ಪ ನೋಡೋಣವಾಗಲಿ. ಒಂದು ಸಂಸಾರವು ದಿನಕ್ಕೆ ಅರ್ಧ ಕಿಲೋ ರಾಗಿಯನ್ನು ಬಳಸುವುದಾದರೆ ವರ್ಷಕ್ಕೆ ಸುಮಾರು 180 ಕಿಲೋ ಬೇಕು. ಮಳೆ ಹದವಾದ ವರ್ಷದಲ್ಲಿ ಎಕರೆಗೆ ಎಂಟು ಕ್ವಿಂಟಾಲು ಬಂದರೆ ಅದು ನಾಲ್ಕು ಸಂಸಾರಗಳಿಗೆ ಸಾಕು. ವಿಜಯನಗರದ ಒಂದೇ ಅಡ್ಡರಸ್ತೆಯ ಮನೆಗಳು ಒಪ್ಪಿದರೆ ಹತ್ತು ಎಕರೆ ರಾಗಿಗೆ ಗಿರಾಕಿಯಾದಂತೆ. ಆ ಮನೆಗಳು ಬಿತ್ತನೆಗೆ ಮುಂಚೆ ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ಕೊಡಬೇಕು. ಮಳೆ ಕೈಕೊಟ್ಟರೆ ನಷ್ಟದಲ್ಲಿಯೂ ಪಾಲುಗಾರರಾಗಬೇಕು. ಈ ಎರಡನೆಯ ಷರತ್ತನ್ನು ಹೇಳುವುದಕ್ಕೆ ರೈತರು ಸಂಕೋಚಪಡುತ್ತಾರೆ. ಮೊದಲೇ ಹೇಳದಿದ್ದರೆ ಬರಗಾಲದಲ್ಲಿ ಮನಸ್ತಾಪ ಖಂಡಿತ.

ರಾಗಿಯೊಂದನ್ನೇ ಬಿತ್ತುವವರಿಗೆ ಈ ಏರ್ಪಾಡಿನಿಂದ ಅರ್ಧ ಪ್ರಯೋಜನ ಮಾತ್ರ. ಹಿರಿಯರು ಬಿಡದೆ ನಡೆಸುತ್ತಿದ್ದ ಅಕ್ಕಡಿ ಸಾಲು ಈಚೆಗೆ ಕಡಮೆಯಾಗಿದೆ. ಕಟಾವಿನ ಯಂತ್ರಕ್ಕೆ ಅಡ್ಡಿಯೆಂಬುದು ಒಂದು ಕಾರಣ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇಲ್ಲವೆ ಎಂಟಕ್ಕೆ ಎರಡು ಸಾಲು ತೊಗರಿ ಹಾಕಿದರೆ ಮುದ್ದೆಯೊಡನೆ ಸಾರಿಗೂ ಅದೇ ಹೊಲ ಒದಗುತ್ತದೆ. ಭೂಮಿಗೂ ಸಾರ ಸೇರುತ್ತದೆ. ಹುಚ್ಚೆಳ್ಳು, ಸಾಸಿವೆಗಳಿಗೂ ಅಲ್ಲಿಯೇ ಸ್ಥಳವುಂಟು. ಧನುರ್ಮಾಸದ ಮಂಜಿನಲ್ಲಿ ಸೊಗಡು ತುಂಬಿದ ಅವರೆಕಾಯಿಗೆ ಬೆಂಗಳೂರಿನವರು ಎಷ್ಟು ಆಸೆಪಡುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಮಾಗಡಿಯ ಅವರೆಯೆಂದರೆ ಚೌಕಾಶಿ ಮಾಡದೆ ಕೊಳ್ಳುವವರೂ ಉಂಟು.

ಇನ್ನು ಮುಚ್ಚಿಡಬಾರದ ಸಂಗತಿ ಒಂದುಂಟು. ವೃಷಭಾವತಿಯು ಈ ಬಡಾವಣೆಗಳ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಕೆಂಗೇರಿಯನ್ನು ಹಾದು ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ನೀರಿನಿಂದ ಬೆಳೆದ ಸೊಪ್ಪು ತರಕಾರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ನದಿಯನ್ನು ಕೆಡಿಸಿದವರು ನಗರದವರು. ಅದರ ನೀರಿನಲ್ಲಿ ಬೆಳೆದ ಸೊಪ್ಪು ತಿರುಗಿ ಅವರ ಎಲೆಗೇ ಹೋಗುತ್ತಿದೆ. ತಪ್ಪು ಯಾರದಾದರೂ ಆಗಲಿ, ಕೊಳ್ಳುವ ಮನೆಯವರು ಕೇಳುವ ಮೊದಲನೆಯ ಪ್ರಶ್ನೆ ಯಾವ ನೀರು ಎಂಬುದೇ. ಮಳೆಯಿಂದಲೇ ಬೆಳೆಯುವ ರಾಗಿಗೂ ಅವರೆಗೂ ಈ ಅಪವಾದವಿಲ್ಲ. ಆದಕಾರಣ ಕಟ್ಟುಪಾಡನ್ನು ಈ ಎರಡರಿಂದಲೇ ಪ್ರಾರಂಭಿಸುವುದು ಲೇಸು. ಹೊಳೆಯ ನೀರಿನ ಸೊಪ್ಪನ್ನು ಬಾವಿಯ ನೀರಿನದೆಂದು ಒಬ್ಬನು ಒಂದು ಸಲ ಕೊಟ್ಟರೂ ಇಡೀ ಊರಿನ ಹೆಸರು ಕೆಟ್ಟೀತು.

ನಗರದವರ ಮತ್ತೊಂದು ದೂರು ಕಲ್ಲುಮಣ್ಣಿನದು. ರಸ್ತೆಯ ಮೇಲೆ ತೆನೆ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವ ಅಭ್ಯಾಸವನ್ನು ಬಿಡತಕ್ಕದ್ದು. ಸಗಣಿಯಿಂದ ಸಾರಿಸಿದ ಕಣ, ಇಲ್ಲವೆ ಊರಿಗೆಲ್ಲ ಸೇರಿ ಒಂದು ಗಾರೆಯ ಕಣ ಸಾಕು. ಒಣಗಿಸಿದ ರಾಗಿಯನ್ನು ಕಾಳಾಗಿಯೇ ಇಡಬೇಕು. ಹಗೇವಿನಲ್ಲಿ ಹಲವು ವರ್ಷ ಕೆಡದೆ ಇರುತ್ತಿದ್ದ ಧಾನ್ಯವು ಹಿಟ್ಟಾದ ಮೇಲೆ ಕೆಲವು ತಿಂಗಳಿಗೇ ಕಮಟುತ್ತದೆ. ಊರಿನ ಗಿರಣಿಯಲ್ಲಿ ತಿಂಗಳಿಗೊಮ್ಮೆ ಬೀಸಿಸಿ ಕಳುಹಿಸಿದರೆ ಬೀಸಿದ ಕೂಲಿಯೂ ತೌಡೂ ಊರಿನಲ್ಲಿಯೇ ಉಳಿಯುತ್ತವೆ.

ಮುಖಂಡರು ಯುಗಾದಿ ಕಳೆದೊಡನೆ ಹಿಡುವಳಿದಾರರನ್ನು ಸೇರಿಸಿ, ಯಾರು ಎಷ್ಟು ಗುಂಟೆಯನ್ನು ಇದಕ್ಕೆ ಬಿಡುವರೆಂದು ಬರೆಸಿಕೊಳ್ಳಬೇಕು. ತಕ್ಕಡಿಯೂ ಲೆಕ್ಕದ ಪುಸ್ತಕವೂ ಒಬ್ಬರ ಮನೆಯಲ್ಲಿರದೆ ಎಲ್ಲರಿಗೂ ಕಾಣುವಂತೆ ಪಂಚಾಯಿತಿಯ ಕಟ್ಟಡದಲ್ಲಿರತಕ್ಕದ್ದು. ಕೊಳ್ಳುವ ಮನೆಯವರನ್ನು ಬಿತ್ತನೆಯ ಕಾಲಕ್ಕೊಮ್ಮೆ, ಸೊಗಡಿನ ಕಾಲಕ್ಕೊಮ್ಮೆ ಹೊಲಕ್ಕೆ ಕರೆಯಬೇಕು. ಚಲ್ಲಘಟ್ಟದವರೆಗೆ ರೈಲಿನಲ್ಲಿ ಬಂದವರಿಗೆ ಅಲ್ಲಿಂದ ಒಂದು ಬಂಡಿಯ ಏರ್ಪಾಡು ಮಾಡಿದರೆ ಮಕ್ಕಳೂ ಮುದುಕರೂ ಬರುವರು.