ಆ ಗ್ಯಾಸು ಹೋದದ್ದೆಲ್ಲಿಗೆ?



ಏಪ್ರಿಲ್ ತಿಂಗಳ ಮಧ್ಯಾಹ್ನ ಹಳೆಯ ಕಾರೊಂದರಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟಿದ್ದೀರಿ ಎಂದುಕೊಳ್ಳಿ. ಏ.ಸಿ. ಹಾಕಿದರೆ ಬಿಸಿಗಾಳಿಯೇ ಬರುತ್ತದೆ. “ಗ್ಯಾಸು ಖಾಲಿಯಾಗಿದೆ, ತುಂಬಿಸಿದರಾಯಿತು” ಎನ್ನುತ್ತಾರೆ ಹಿರಿಯರು. ಆಗ ನೀವೊಂದು ಪ್ರಶ್ನೆ ಕೇಳಬೇಕು: ಆ ಗ್ಯಾಸು ಹೋದದ್ದೆಲ್ಲಿಗೆ?

ಪೆಟ್ರೋಲು ಉರಿದು ಖರ್ಚಾಗುತ್ತದೆ. ಏ.ಸಿ.ಯ ಅನಿಲ ಹಾಗಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಾರಿನೊಳಗಿನ ಸುರುಳಿಯಲ್ಲಿ ದ್ರವವು ಆವಿಯಾಗುವಾಗ ಒಳಗಿನ ಶಾಖವನ್ನು ಹೀರುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಆವಿಯಾಗುವಿಕೆಯಿಂದಲೇ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಕಾರಿನ ಮುಂಭಾಗದ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಧೂಳು ಹೆಚ್ಚು. ಕಂಡೆನ್ಸರಿನ ಸಂದುಗಳಲ್ಲಿ ಧೂಳು ತುಂಬಿದರೆ ಶಾಖ ಹೊರಹೋಗದು. ಆದ್ದರಿಂದ ಮೊದಲು, ಎಂಜಿನ್ ಆರಿಸಿ ತಣ್ಣಗಾದ ಮೇಲೆ, ಮೆಲ್ಲಗೆ ನೀರು ಹಾಯಿಸಿ ಅದನ್ನು ತೊಳೆಯಬೇಕು. ಫ್ಯಾನು ತಿರುಗುತ್ತಿದೆಯೇ, ಬೆಲ್ಟು ಸಡಿಲವಾಗಿದೆಯೇ ಎಂದು ಮೆಕ್ಯಾನಿಕ್ಕರಿಂದ ನೋಡಿಸಬೇಕು. ಬಳಿಕ ಕೊಳವೆಗಳ ಜೋಡಣೆಗಳಲ್ಲಿ ಜಿಡ್ಡನ್ನು ಹುಡುಕಬೇಕು. ಕಂಪ್ರೆಸರಿನ ಎಣ್ಣೆ ಅನಿಲದ ಜೊತೆಗೇ ಸುತ್ತುವುದರಿಂದ, ಅನಿಲ ಸೋರಿದಲ್ಲಿ ಎಣ್ಣೆಯೂ ಜಿನುಗುತ್ತದೆ. ಶೇಂಗಾ ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಜಿಡ್ಡಿನ ಗುರುತು ಹೇಳಿಕೊಡಬೇಕಾಗಿಲ್ಲ! ಸೋರಿಕೆಯನ್ನು ಮುಚ್ಚದೆ ಗ್ಯಾಸು ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ನಷ್ಟ ಹಣಕ್ಕೆ ಮಾತ್ರವಲ್ಲ. 1990ರ ದಶಕದ ಮೊದಲಿನ ಕಾರುಗಳಲ್ಲಿದ್ದ ಅನಿಲ ಆರ್-12. ಅದರಲ್ಲಿನ ಕ್ಲೋರಿನ್, ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ಕೆಡಿಸುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದ ಇಂಥ ಅನಿಲಗಳಿಗೆ ಕಡಿವಾಣ ಹಾಕಿತು. ಭಾರತ 1992ರಲ್ಲಿ ಅದನ್ನು ಸೇರಿತು. ಬದಲಿಗೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿಮಾಡುವುದು ಸುಮಾರು 1,400 ಕಿಲೋ ಇಂಗಾಲದ ಡೈ ಆಕ್ಸೈಡಿನಷ್ಟು. ಅದೂ ಸೋರಬಾರದು.

ಹಳೆಯ ಏ.ಸಿ.ಗೆ ಹೊಸ ಅನಿಲವನ್ನು ಹಾಗೆಯೇ ತುಂಬಲಾಗದು. ಹಳೆಯದನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿಯಬೇಕು. ಹೊಸ ಅನಿಲದೊಡನೆ ಬೆರೆಯುವ ಎಣ್ಣೆ ಹಾಕಬೇಕು. ತೇವ ಹೀರುವ ಡ್ರೈಯರ್ ಮತ್ತು ರಬ್ಬರ್ ಉಂಗುರಗಳನ್ನು ಬದಲಿಸಬೇಕು. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆಯಬೇಕು. ಇದು ತರಬೇತಾದವರ ಕೆಲಸ. ಕೊಳವೆಗಳಲ್ಲಿ ಒತ್ತಡ ಬಹಳ. ಚಿಮ್ಮಿದ ದ್ರವ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಅಪಾಯ. ನೀವು ಮಾತ್ರ ಬಿಚ್ಚಬೇಡಿ.

ಪ್ರಶ್ನೆ ಕೇಳುವುದಕ್ಕೆ ಪಾನಾ ಬೇಕಿಲ್ಲ. ಗ್ಯಾರೇಜಿನಲ್ಲಿ ಗ್ಯಾಸು ತುಂಬುವ ಮುನ್ನ ವಿನಯದಿಂದಲೇ ಕೇಳಿ: “ಸೋರಿದ್ದು ಎಲ್ಲಿ ಅಂತ ಸಿಕ್ಕಿತಾ, ಅಣ್ಣಾ?”