ಬಳೆ ಒಡೆಯುವ ಮುಂಚೆ



ನಮ್ಮ ಭಾಗದ ಕ್ರೈಸ್ತ ಮನೆಗಳಲ್ಲಿ ಗಂಡಸು ತೀರಿಕೊಂಡರೆ ಪಾಸ್ಟರರು ಬಂದು ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಕೆಲವು ಮನೆಗಳಲ್ಲಿ ಹಿರಿಯ ಹೆಂಗಸರು ಅವನ ಹೆಂಡತಿಯ ಕೈ ಹಿಡಿದು ಬಳೆ ಒಡೆಯುತ್ತಾರೆ. "ಯಾಕ್ರೀ?" ಎಂದು ಕೇಳಿ ನೋಡಿರಿ. "ಹಿಂದಿನಿಂದ ನಡಕೋತ ಬಂದೈತಿ" ಎನ್ನುತ್ತಾರೆ. ಈ ಉತ್ತರ ಸಾಕೇ?

ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ತೆರೆಯಿರಿ. ಶಿಷ್ಯರು ಕೈ ತೊಳೆಯದೆ ಉಂಡರೆಂದು ಫರಿಸಾಯರು ತಕರಾರು ತೆಗೆದರು. ಹಿರಿಯರ ಸಂಪ್ರದಾಯ ಮುರಿಯಿತೆಂದು. ಯೇಸು ಕೊರ್ಬಾನಿನ ಮಾತು ಎತ್ತಿದನು. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಇದು ದೇವರಿಗೆ ಮೀಸಲು' ಎಂದು ಹೇಳಿ ಮಗ ಜಾರಿಕೊಳ್ಳಬಹುದಿತ್ತು. ಹೆಸರು ದೇವರದು, ಉಪವಾಸ ಮುದುಕರದು! ಇಂಥ ಪದ್ಧತಿಯಿಂದ ದೇವರ ವಾಕ್ಯವೇ ಸುಳ್ಳಾಗುತ್ತದೆಂಬುದು ಯೇಸುವಿನ ವಾದ. ಅಂದರೆ ಪದ್ಧತಿ ಎಷ್ಟು ಹಳೆಯದು ಎಂದು ಕೇಳಿದರೆ ಆಗಲಿಲ್ಲ. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದೂ ಕೇಳಬೇಕು.

ಹೀಗೆ ಕೇಳಿದ ಒಬ್ಬ ಹೆಣ್ಣುಮಗಳು ಕನ್ನಡಕ್ಕೂ ಮರಾಠಿಗೂ ಸೇರಿದವಳು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಇಂದು ಕರ್ನಾಟಕದಲ್ಲಿರುವ ಗಂಗಾಮೂಲದ ಕಾಡಿನಲ್ಲಿ. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂಬ ಕಟ್ಟಳೆಯನ್ನು ತಂದೆ ಅನಂತಶಾಸ್ತ್ರಿ ಡೋಂಗ್ರೆಯವರೇ ಮುರಿದಿದ್ದರು. 1882ರಲ್ಲಿ ರಮಾಬಾಯಿ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋದವರಿಗೆ ದೌಂಡ ದಾಟಿದ ಮೇಲೆ ಕೇಡಗಾಂವ ಸ್ಟೇಶನ್ ಗೊತ್ತು. ಅವರ ಮುಕ್ತಿ ಸದನ ಅಲ್ಲಿಯೇ. ಎಳೆಯ ವಿಧವೆಯರ ತಲೆ ಬೋಳಿಸುವ ಕಾಲದಲ್ಲಿ ಅವರಿಗೆ ಓದು, ಕೈಗೆಲಸ ಕಲಿಸಿದರು. ಮೂಲ ಹೀಬ್ರೂ, ಗ್ರೀಕ್ ನೋಡಿ ಬೈಬಲನ್ನು ಮರಾಠಿಗೆ ತಂದರು.

ನನಗೆ ಹಿಡಿಸಿದ್ದು ಇನ್ನೊಂದು. ಕ್ರೈಸ್ತರಾದ ಮೇಲೂ ಅವರು ಮಾಂಸ ಮುಟ್ಟಲಿಲ್ಲ. ಅದರಿಂದ ಯಾರಿಗೂ ನೋವಿರಲಿಲ್ಲ, ಬಿಡುವ ಕಾರಣವೂ ಇರಲಿಲ್ಲ. ಊಟದ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿರೆಂದು ಪೌಲನು ರೋಮಾಪುರದವರಿಗೂ ಬರೆದಿದ್ದಾನಲ್ಲ. ಅದೇ ರಮಾಬಾಯಿ, ಇಂಗ್ಲೆಂಡಿನ ಸಿಸ್ಟರುಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕೆ ಬೇಡ ಎಂದು ವಾದಿಸಿದರು. ಮನೆಯ ಪದ್ಧತಿಗೂ ಚರ್ಚಿನ ಪದ್ಧತಿಗೂ ಅವರಲ್ಲಿ ಒಂದೇ ತಕ್ಕಡಿ.

ಈಗ ಬಳೆಯನ್ನು ಆ ತಕ್ಕಡಿಯಲ್ಲಿಡೋಣ. ಸಂಕಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದೇ ಶುದ್ಧ ಭಕ್ತಿ ಎನ್ನುತ್ತದೆ ಯಾಕೋಬನ ಪತ್ರಿಕೆ. ನಾಯಿನ್ ಎಂಬ ಊರಿನ ಬಾಗಿಲಲ್ಲಿ, ಒಬ್ಬನೇ ಮಗನನ್ನು ಕಳಕೊಂಡ ವಿಧವೆಯನ್ನು ಕಂಡು ಯೇಸು ಕನಿಕರಪಟ್ಟನು, ಚಟ್ಟವನ್ನು ಮುಟ್ಟಿದನು. ಅವಳಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ಮಗನನ್ನೇ ತಿರುಗಿ ಕೊಟ್ಟನು.

ಬಳೆ ಗಾಜಿನದು, ಹೋದರೆ ಹೋಗಲಿ ಎನ್ನಬೇಡಿರಿ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಾಗಿ ನಾನು ನೋಡಿದ್ದಿದೆ. ಬಳೆ ಒಡೆದವಳು ಇಷ್ಟು ದಿನ ಹೊಸಿಲು ದಾಟಬಾರದು. ಅಷ್ಟರಲ್ಲಿ ಮೈದುನನೋ ಭಾವನೋ ಫಾರ್ಮು ಹಿಡಿದು ಬರುತ್ತಾನೆ: "ಆಕಿ ಬರೂ ಹಂಗಿಲ್ರೀ ಸಾಹೇಬ್ರ, ಹೆಬ್ಬಟ್ಟು ಮನ್ಯಾಗ ಒತ್ತಿಸಿಕೊಂಡು ಬಂದೇನಿ." ವಿಧವೆಯರ ಮನೆ ನುಂಗಿ, ಉದ್ದುದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಏನಿದೆ ಎಂಬುದನ್ನು ನೀವೇ ಓದಿರಿ.

ಇದು ಕ್ರೈಸ್ತರ ಮಾತಷ್ಟೇ ಅಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯ್ತಿ, ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು ಬೇಡವೆಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಊರುಗಳಿಗೂ ಹಾಗೆ ಮಾಡಲು ಹೇಳಿತು. ಬೈಬಲ್ ಓದುವ ನಮಗಿಂತ ಆ ಊರು ಮುಂದೆ ಹೋಯಿತು.

ಮುಂದಿನ ಸಲ ನಿಮ್ಮ ಓಣಿಯಲ್ಲಿ ಇಂಥ ಸಾವಾದಾಗ, ಬಳೆಗೆ ಕೈ ಹಾಕುವ ಮುಂಚೆ ಆಕೆಯನ್ನೇ ಒಂದು ಮಾತು ಕೇಳಿರಿ. ಮರಣ ದಾಖಲೆ ತರಲು ಪಂಚಾಯ್ತಿಗೆ, ಆಮೇಲೆ ಬ್ಯಾಂಕಿಗೆ, ಆಕೆಯೇ ಹೋಗಲಿ. ಜೊತೆಗೆ ಒಬ್ಬರು ಹೋಗಿರಿ. ಪಾಸ್‌ಬುಕ್ ಮಾತ್ರ ಆಕೆಯ ಕೈಯಲ್ಲೇ ಇರಲಿ.